ಎಚ್ಚೆತ್ತ ಗಣಕಯಂತ್ರವು ತನ್ನ ಅಂಗಗಳನ್ನು ಗುರುತಿಸುವ ಬಗೆ

ನಿದ್ರೆಯಿಂದ ಎದ್ದ ಮನುಷ್ಯನು ತನ್ನ ಕೈಕಾಲುಗಳು ಎಲ್ಲಿವೆಯೆಂದು ಹುಡುಕುವುದಿಲ್ಲ. ರಾತ್ರಿ ಮಲಗುವಾಗ ಇದ್ದ ಕೈ ಬೆಳಗ್ಗೆಯೂ ಇದ್ದೇ ಇರುತ್ತದೆ. ಬಲಗೈ ಎಡಗೈಯಾಗಿ ಮಾರ್ಪಟ್ಟಿರುವುದಿಲ್ಲ. ಗಣಕಯಂತ್ರದ ಪಾಡು ಹಾಗಲ್ಲ. ವಿದ್ಯುತ್ತು ಹೋದೊಡನೆ ಅದು ತನ್ನ ಅಂಗಗಳನ್ನೆಲ್ಲ ಮರೆತುಬಿಡುತ್ತದೆ. ಮತ್ತೆ ವಿದ್ಯುತ್ತು ಬಂದಾಗ ತನಗೆ ಎಷ್ಟು ಡಿಸ್ಕುಗಳಿವೆ, ಕೀಲಿಮಣೆ ಎಲ್ಲಿದೆ, ಪರದೆ ಯಾವುದು ಎಂಬುದನ್ನು ಒಂದೊಂದಾಗಿ ವಿಚಾರಿಸಿ ತಿಳಿದುಕೊಳ್ಳಬೇಕಾಗುತ್ತದೆ. ಗುಂಡಿಯನ್ನೊತ್ತಿ ಸ್ವಲ್ಪ ಹೊತ್ತಿನಲ್ಲಿಯೇ ಪರದೆ ಬೆಳಗುವುದನ್ನು ನೋಡುವ ನಮಗೆ ಈ ವಿಚಾರಣೆಯ ಸುಳಿವೇ ಸಿಕ್ಕುವುದಿಲ್ಲ. ಅದು ಸರಿಯಾಗಿ ನಡೆದ ದಿನ ಯಾರೂ ಅದನ್ನು ನೆನೆಯುವುದಿಲ್ಲ. ತಪ್ಪಿದ ದಿನ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಅಂತಹ ಒಂದು ದಿನ ನನ್ನ ಪಾಲಿಗೂ ಬಂದಿತು. ನಾನು ಬಸವಕಲ್ಯಾಣದಲ್ಲಿ ವಾಸವಾಗಿದ್ದು, ಹುಮನಾಬಾದಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಪಾಠ ಹೇಳುವವನು. ನಮ್ಮ ಪ್ರಯೋಗಶಾಲೆಯ ಮೂಲೆಯಲ್ಲಿ ಲಿನಕ್ಸ್ ವ್ಯವಸ್ಥೆಯಿಂದ ನಡೆಯುವ ಒಂದು ಹಳೆಯ ಗಣಕವಿದೆ. ಮಾಳಿಗೆಯ ಮೇಲೆ ವಿದ್ಯಾರ್ಥಿಗಳು ನಿಲ್ಲಿಸಿರುವ ತಾಪಮಾಪಕ ಮತ್ತು ವಾಯುಭಾರಮಾಪಕಗಳಿಂದ ಹತ್ತು ನಿಮಿಷಕ್ಕೊಮ್ಮೆ ಬರುವ ಅಂಕಿಗಳನ್ನು ಅದು ಬರೆದಿಟ್ಟುಕೊಳ್ಳುತ್ತದೆ. ದಿನಕ್ಕೆ 144 ದಾಖಲೆಗಳಂತೆ ಎರಡು ವರ್ಷಗಳಲ್ಲಿ ಲಕ್ಷವನ್ನು ಮೀರಿದ ದಾಖಲೆಗಳು ಅಲ್ಲಿ ಸೇರಿದ್ದುವು. ಇವೆಲ್ಲ ಯಂತ್ರದ ಎರಡನೆಯ ಡಿಸ್ಕಿನಲ್ಲಿದ್ದುವು. ಇದರ ಒಂದು ಪ್ರತಿಯನ್ನು ತೆಗೆದಿಡಬೇಕೆಂದು ಅದೇ ಗಾತ್ರದ, ಎಂದರೆ 1 ಟೆರಾಬೈಟಿನ, ಹೊಸ ಡಿಸ್ಕೊಂದನ್ನು ತರಿಸಿ ಜೋಡಿಸಿದೆನು. ಯಂತ್ರವು ತನ್ನ ಮೊದಲನೆಯ ಡಿಸ್ಕನ್ನು ಎಸ್‌ಡಿಎ ಎಂದೂ, ದಾಖಲೆಗಳದನ್ನು ಎಸ್‌ಡಿಬಿ ಎಂದೂ, ಹೊಸದನ್ನು ಎಸ್‌ಡಿಸಿ ಎಂದೂ ಕರೆಯಿತು. ನಾನು ಒಂದು ಚೀಟಿಯಲ್ಲಿ 'ಹೊಸದು: ಎಸ್‌ಡಿಸಿ' ಎಂದು ಬರೆದುಕೊಂಡು, ಉಳಿದ ಕೆಲಸವನ್ನು ಮರುದಿನಕ್ಕೆ ಬಿಟ್ಟು ಮನೆಗೆ ಹೊರಟೆನು.

ಆ ರಾತ್ರಿ ವಿದ್ಯುತ್ತು ಹೋಗಿ ಬಂದಿತು. ಬೆಳಗ್ಗೆ ನೋಡಿದರೆ ಯಂತ್ರವು ಪೂರ್ತಿಯಾಗಿ ಏಳದೆ ಕಪ್ಪು ಪರದೆಯಲ್ಲಿಯೇ ನಿಂತಿತ್ತು. ಎಸ್‌ಡಿಬಿಯ ಮೊದಲ ಭಾಗಕ್ಕಾಗಿ 90 ಸೆಕೆಂಡು ಕಾದರೂ ಅದು ದೊರೆಯಲಿಲ್ಲ ಎಂಬುದು ಅದರ ದೂರು. ಹೊಸ ಡಿಸ್ಕಿನಿಂದಲೇ ಈ ತೊಡಕುಂಟಾಯಿತೆಂದು ನಾನು ತರ್ಕಿಸಿದೆನು. ಚೀಟಿಯನ್ನು ನೋಡಿಕೊಂಡು, ಎಸ್‌ಡಿಸಿಯನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸುವ ಆಜ್ಞೆಯನ್ನು ಬೆರಳಚ್ಚು ಮಾಡಿದೆನು. ಕೊನೆಯ ಕೀಲಿಯನ್ನು ಒತ್ತುವುದೊಂದೇ ಉಳಿದಿತ್ತು. ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿನಿಯೊಬ್ಬಳು, "ಇದೇ ಹೊಸದೆಂದು ಇವತ್ತು ಕೇಳಿ ನೋಡಿದಿರಾ, ಸರ್?" ಎಂದಳು. ಕೇಳಿರಲಿಲ್ಲ. ಡಿಸ್ಕಿನ ತಯಾರಿಕೆಯ ಸಂಖ್ಯೆಯನ್ನು ಯಂತ್ರದಿಂದ ತರಿಸಿ ನೋಡಿದೆವು. ಎಸ್‌ಡಿಸಿ ಎಂಬ ಹೆಸರಿನಲ್ಲಿ ಆ ಬೆಳಗ್ಗೆ ನಿಂತಿದ್ದುದು ಎರಡು ವರ್ಷಗಳ ದಾಖಲೆಗಳಿದ್ದ ಹಳೆಯ ಡಿಸ್ಕೇ ಆಗಿತ್ತು!

ಯಾರೂ ತಂತಿಗಳನ್ನು ಮುಟ್ಟದಿರುವಾಗ ಹೆಸರುಗಳು ರಾತ್ರೋರಾತ್ರಿ ಅದಲುಬದಲಾದುದು ಹೇಗೆ? ಇದನ್ನು ತಿಳಿಯಬೇಕಾದರೆ ಯಂತ್ರವು ಎಚ್ಚೆತ್ತ ಮೊದಲ ಕೆಲವು ಸೆಕೆಂಡುಗಳಲ್ಲಿ ಏನೇನು ನಡೆಯುತ್ತದೆಂಬುದನ್ನು ಮೊದಲಿನಿಂದ ನೋಡಬೇಕು.

ಮೊದಲ ಕ್ಷಣ

ಗುಂಡಿಯನ್ನು ಒತ್ತಿದಾಗ ಸಂಸ್ಕಾರಕಕ್ಕೆ, ಎಂದರೆ ಲೆಕ್ಕ ಮಾಡುವ ಮುಖ್ಯ ಚಿಪ್ಪಿಗೆ, ವಿದ್ಯುತ್ತು ದೊರೆಯುತ್ತದೆ. ಆ ಕ್ಷಣದಲ್ಲಿ ಅದಕ್ಕೆ ಗೊತ್ತಿರುವುದು ಒಂದೇ ಸಂಗತಿ: ಮೊದಲ ಆಜ್ಞೆಯನ್ನು ಎಲ್ಲಿಂದ ಓದಬೇಕೆಂಬುದು. ನಮ್ಮ ಮೇಜುಗಳ ಮೇಲಿರುವ ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಈ ವಿಳಾಸವು 4 ಗಿಗಾಬೈಟಿನ ಗಡಿಗಿಂತ ಸರಿಯಾಗಿ 16 ಬೈಟು ಕೆಳಗಿದೆ. ಆ ವಿಳಾಸದಲ್ಲಿ ಸಿಗುವುದು ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಟ್ಟಿರುವ ಕಾರ್ಯಕ್ರಮ. ಹಿಂದೆ ಇದನ್ನು ಬಯೋಸ್ ಎನ್ನುತ್ತಿದ್ದರು. ಹೊಸ ಯಂತ್ರಗಳಲ್ಲಿರುವುದು ಯುಇಎಫ್‌ಐ. ಇವೆರಡಕ್ಕೂ ಸಾಮಾನ್ಯವಾದ ಹೆಸರು ಫರ್ಮ್‌ವೇರ್.

ವಾಚಕರಿಗೆ ಆಶ್ಚರ್ಯವಾಗಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಈ ಹೊತ್ತಿನಲ್ಲಿ ಯಂತ್ರದ ಮುಖ್ಯ ಮೆಮೊರಿಯೂ ಬಳಕೆಗೆ ಬಾರದು. ಮೆಮೊರಿಯ ಚಿಪ್ಪುಗಳೊಡನೆ ಮಾತನಾಡಲು ಬೇಕಾದ ಕಾಲಮಾನವನ್ನು ಅಳೆದು ಹೊಂದಿಸುವವರೆಗೆ ಅಲ್ಲಿ ಒಂದಕ್ಷರವನ್ನೂ ನಂಬಿ ಬರೆಯುವಂತಿಲ್ಲ. ಆದಕಾರಣ ಫರ್ಮ್‌ವೇರ್ ಮೊದಮೊದಲು ಸಂಸ್ಕಾರಕದ ಒಳಗೇ ಇರುವ ಕ್ಯಾಶ್ ಎಂಬ ಚಿಕ್ಕ ಸಂಗ್ರಹವನ್ನು ಕೈಹಲಗೆಯಂತೆ ಉಪಯೋಗಿಸಿಕೊಂಡು ತನ್ನ ಲೆಕ್ಕವನ್ನು ಬರೆದುಕೊಳ್ಳುತ್ತದೆ. ಮೆಮೊರಿ ಸಿದ್ಧವಾದ ಬಳಿಕ ಅದು ಡಿಸ್ಕಿನಿಂದ ಗ್ರಬ್ ಮೊದಲಾದ ಒಂದು ಸಣ್ಣ ಹೊರೆಗಾರ ಕಾರ್ಯಕ್ರಮವನ್ನು ತರುತ್ತದೆ. ಆ ಹೊರೆಗಾರನು ಎರಡು ಗಂಟುಗಳನ್ನು ಹೊತ್ತು ತಂದು ಮೆಮೊರಿಯಲ್ಲಿ ಇಳಿಸುತ್ತಾನೆ. ಒಂದು ಲಿನಕ್ಸಿನ ಕರ್ನೆಲ್, ಎಂದರೆ ವ್ಯವಸ್ಥೆಯ ತಿರುಳು. ಮತ್ತೊಂದು ಒಂದು ಚಿಕ್ಕ ಕಡತಗಳ ಕಟ್ಟು. ಈ ಎರಡನೆಯ ಗಂಟಿನ ವಿಷಯವನ್ನು ಮುಂದೆ ನೋಡೋಣ.

ವಿದ್ಯುತ್ತು ಹೋದಾಗ ಯಂತ್ರವು ಎಲ್ಲವನ್ನೂ ಮರೆಯುತ್ತದೆ ಎಂದೆನಷ್ಟೆ? ಇದಕ್ಕೆ ಒಂದು ಅಪವಾದವುಂಟು. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ 3 ವೋಲ್ಟಿನ ಒಂದು ಕೋಶವಿರುತ್ತದೆ. ಅದರ ಬಲದಿಂದ ಒಂದು ಸ್ಫಟಿಕವು ಸೆಕೆಂಡಿಗೆ 32,768 ಸಲ ಕಂಪಿಸುತ್ತಿರುತ್ತದೆ. ಈ ಸಂಖ್ಯೆಯು 2ರ 15ನೆಯ ಘಾತ; ಹದಿನೈದು ಸಲ ಅರ್ಧಿಸುತ್ತ ಬಂದರೆ ಸೆಕೆಂಡಿಗೆ ಸರಿಯಾಗಿ ಒಂದು ಮಿಡಿತ ಉಳಿಯುತ್ತದೆ. ಹೀಗೆ ಯಂತ್ರವು ಮಲಗಿದ್ದರೂ ಗಡಿಯಾರ ಮಲಗಿರುವುದಿಲ್ಲ. ಎಚ್ಚೆತ್ತ ಕರ್ನೆಲ್ ಈ ಗಡಿಯಾರವನ್ನು ಕೇಳಿ ದಿನ ವೇಳೆಗಳನ್ನು ತಿಳಿದುಕೊಳ್ಳುತ್ತದೆ.

ಹಿಂದಿನವನು ಬಿಟ್ಟುಹೋದ ಸ್ಥಿತಿ

ಕರ್ನೆಲ್ ಅಧಿಕಾರ ವಹಿಸಿಕೊಂಡಾಗ ಉಪಕರಣಗಳು ಯಾವ ಸ್ಥಿತಿಯಲ್ಲಿರುತ್ತವೆ? ಎಲ್ಲವೂ ಶಾಂತವಾಗಿ ಅಪ್ಪಣೆಗಾಗಿ ಕಾದಿರುತ್ತವೆ ಎಂದು ಭಾವಿಸುವುದು ಸಹಜ. ಆದರೆ ಕರ್ನೆಲ್ ಬರುವುದಕ್ಕೆ ಮೊದಲು ಫರ್ಮ್‌ವೇರ್ ಆ ಉಪಕರಣಗಳಲ್ಲಿ ಕೆಲವನ್ನು ತನ್ನ ಕೆಲಸಕ್ಕಾಗಿ ಎಬ್ಬಿಸಿರುತ್ತದೆ. ಡಿಸ್ಕನ್ನು ಓದಿರುತ್ತದೆ, ಪರದೆಯನ್ನು ಬೆಳಗಿಸಿರುತ್ತದೆ, ಕೀಲಿಮಣೆಗೆ ಕಿವಿಗೊಟ್ಟಿರುತ್ತದೆ. ಹೋಗುವಾಗ ಎಲ್ಲವನ್ನೂ ಸುಮ್ಮನಾಗಿಸಿಯೇ ಹೋಗುತ್ತದೆಂಬ ಭರವಸೆಯಿಲ್ಲ.

ಇದಕ್ಕೆ ಒಂದು ಪ್ರಸಿದ್ಧ ನಿದರ್ಶನವುಂಟು. 2011 ಮತ್ತು 2012ರಲ್ಲಿ ಹೊರಬಂದ ಆಪಲ್ ಮ್ಯಾಕ್ ಗಣಕಗಳಲ್ಲಿ ಬ್ರಾಡ್‌ಕಾಮ್ 4331 ಎಂಬ ನಿಸ್ತಂತು ಜಾಲದ ಚಿಪ್ಪು ಇದ್ದಿತು. ಅಂತರ್ಜಾಲದಿಂದ ವ್ಯವಸ್ಥೆಯನ್ನು ಇಳಿಸಿಕೊಳ್ಳುವ ಅನುಕೂಲ ಇರಲೆಂದು ಅಲ್ಲಿಯ ಫರ್ಮ್‌ವೇರ್ ಪ್ರತಿಸಲವೂ ಆ ಚಿಪ್ಪನ್ನು ಎಬ್ಬಿಸುತ್ತಿತ್ತು. ಅಧಿಕಾರವನ್ನು ಕರ್ನೆಲ್ಲಿಗೆ ಒಪ್ಪಿಸಿದ ಮೇಲೂ ಅದನ್ನು ಆರಿಸುತ್ತಿರಲಿಲ್ಲ. ಇಂತಹ ಚಿಪ್ಪುಗಳಿಗೆ ಸಂಸ್ಕಾರಕವನ್ನು ಕೇಳದೆಯೇ ಮೆಮೊರಿಗೆ ನೇರವಾಗಿ ಬರೆಯುವ ಅಧಿಕಾರವಿರುತ್ತದೆ. ಗಾಳಿಯಲ್ಲಿ ಬಂದ ಸಂದೇಶಗಳನ್ನು ಅದು ಹಿಂದೆ ಫರ್ಮ್‌ವೇರ್ ತೋರಿಸಿದ್ದ ಜಾಗದಲ್ಲಿಯೇ ಬರೆಯುತ್ತ ಹೋಗುತ್ತಿತ್ತು. ಆ ಜಾಗವೋ ಈಗ ಕರ್ನೆಲ್ಲಿನದು! ಬಾಡಿಗೆಗೆ ಬಂದ ಹೊಸಬರ ಮನೆಗೋಡೆಯ ಮೇಲೆ ಹಿಂದಿನವರ ಆಳು ಬಂದು ದಿನಾಲು ಹಾಲಿನ ಲೆಕ್ಕ ಬರೆದುಹೋದಂತಾಯಿತು. ಮೆಮೊರಿಯಲ್ಲಿದ್ದುದು ಕೆಡುವುದಲ್ಲದೆ, ದೂರದಲ್ಲಿದ್ದ ದುರುಳನೊಬ್ಬನು ಬೇಕೆಂದೇ ಸಂದೇಶಗಳನ್ನು ಕಳುಹಿಸಿ ಯಂತ್ರವನ್ನು ವಶಪಡಿಸಿಕೊಳ್ಳುವ ಅಪಾಯವೂ ಇದರಲ್ಲಿದ್ದಿತು. 2016ರಲ್ಲಿ ಇದಕ್ಕೆ ಕರ್ನೆಲ್ಲಿನಲ್ಲಿಯೇ ಪರಿಹಾರವನ್ನು ಸೇರಿಸಿದರು. ಮಿಕ್ಕ ಉಪಕರಣಗಳನ್ನು ವಿಚಾರಿಸುವುದಕ್ಕೂ ಮೊದಲೇ ಈ ಚಿಪ್ಪನ್ನು ಹುಡುಕಿ, ಅದನ್ನು ಮೊದಲ ಸ್ಥಿತಿಗೆ ತಂದು ನಿಲ್ಲಿಸುವುದೇ ಆ ಪರಿಹಾರ.

ಇದರಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಹಿಂದಿನವನಿಂದ ಬಂದ ಉಪಕರಣವನ್ನು ಇದ್ದ ಸ್ಥಿತಿಯಲ್ಲಿಯೇ ನಂಬತಕ್ಕದ್ದಲ್ಲ; ತಿಳಿದ ಒಂದು ಸ್ಥಿತಿಗೆ ತಂದು ಅಲ್ಲಿಂದ ಕೆಲಸವನ್ನಾರಂಭಿಸಬೇಕು. ಪ್ರಯೋಗಶಾಲೆಯಲ್ಲಿ ನಾವು ತಕ್ಕಡಿಯನ್ನು ಮೊದಲು ಸೊನ್ನೆಗೆ ತರುವುದೂ ಇದಕ್ಕಾಗಿಯೇ ಅಲ್ಲವೆ?

ಕರೆದು ವಿಚಾರಿಸುವುದು

ಮುಂದೆ ಕರ್ನೆಲ್ ತನ್ನ ಉಪಕರಣಗಳ ಪಟ್ಟಿಯನ್ನು ಮಾಡಿಕೊಳ್ಳಬೇಕು. ಉಪಕರಣಗಳು ಬಸ್ ಎಂಬ ತಂತಿಗಳ ಸಮೂಹಕ್ಕೆ ಸೇರಿಕೊಂಡಿರುತ್ತವೆ. ಇದು ಹುಮನಾಬಾದಿನ ನಿಲ್ದಾಣಕ್ಕೆ ಬರುವ ಬಸ್ಸಲ್ಲವಾದರೂ ಹೋಲಿಕೆ ತಪ್ಪೇನೂ ಅಲ್ಲ. ಇಲ್ಲಿಯೂ ಸಂಖ್ಯೆ ಹಾಕಿದ ಆಸನಗಳುಂಟು. ಪಿಸಿಐ ಎಂಬ ಬಸ್ಸಿನಲ್ಲಿ 32 ಸ್ಥಾನಗಳಿದ್ದು, ಒಂದೊಂದು ಸ್ಥಾನದಲ್ಲಿರುವ ಉಪಕರಣವು 8ರವರೆಗೆ ಬೇರೆಬೇರೆ ಕೆಲಸಗಳನ್ನು ಹೊಂದಿರಬಹುದು. ಕರ್ನೆಲ್ ಪ್ರತಿಯೊಂದು ಸ್ಥಾನವನ್ನೂ ಕರೆದು, "ನಿನ್ನನ್ನು ಮಾಡಿದವರು ಯಾರು? ನೀನು ಯಾವ ಮಾದರಿ?" ಎಂದು ಎರಡು ಸಂಖ್ಯೆಗಳನ್ನು ಕೇಳುತ್ತದೆ. ಪ್ರತಿಯೊಂದು ಸಂಖ್ಯೆಯೂ 16 ದ್ವಿಮಾನ ಅಂಕಗಳದು.

ಖಾಲಿ ಸ್ಥಾನವನ್ನು ಕರೆದರೆ ಏನಾಗುವುದು? ಉತ್ತರ ಕೊಡುವವರಿಲ್ಲದಿದ್ದರೂ ಓದಿದವನಿಗೆ ಏನಾದರೊಂದು ಸಂಖ್ಯೆ ದೊರೆಯಲೇಬೇಕು. ಆಗ ಹದಿನಾರು ಅಂಕಗಳೂ ಒಂದೇ ಆಗಿರುವ ಸಂಖ್ಯೆ, ಎಂದರೆ 65,535, ಬರುವಂತೆ ಏರ್ಪಡಿಸಿದ್ದಾರೆ. ಈ ಸಂಖ್ಯೆಯನ್ನು ಯಾವ ತಯಾರಕರಿಗೂ ಹಂಚುವುದಿಲ್ಲ. ಆದುದರಿಂದ ಮೌನವೂ ಒಂದು ಸ್ಪಷ್ಟವಾದ ಉತ್ತರವಾಗುತ್ತದೆ. ಹಾಜರಿ ಕರೆಯುವ ಉಪಾಧ್ಯಾಯರಿಗೆ ಗೈರುಹಾಜರಿಯೂ ಒಂದು ಗುರುತಲ್ಲವೆ!

ಎಲ್ಲ ಉಪಕರಣಗಳೂ ಹೀಗೆ ತಮ್ಮ ಹೆಸರನ್ನು ತಾವೇ ಹೇಳಲಾರವು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಅಧ್ಯಾಪಕರೂ ಅದೇ ನಗರದ ಎನ್ಕೋರ್ ಎಂಬ ಸಂಸ್ಥೆಯೂ ಸೇರಿ 2001ರಲ್ಲಿ ಲೋಕಕ್ಕೆ ತೋರಿಸಿದ ಸಿಂಪ್ಯೂಟರನ್ನು ಹಿರಿಯ ವಾಚಕರು ನೆನಪಿಸಿಕೊಳ್ಳಬಹುದು. ಓದುಬರಹ ತಿಳಿಯದವರಿಗೂ ಉಪಯೋಗಕ್ಕೆ ಬರಬೇಕೆಂದು ರಚಿಸಿದ ಆ ಅಂಗೈ ಗಣಕವು ಲಿನಕ್ಸಿನಿಂದಲೇ ನಡೆಯುತ್ತಿತ್ತು. ತಿರುಗುವ ಡಿಸ್ಕು ಅದರಲ್ಲಿರಲಿಲ್ಲ. ಸ್ಟ್ರಾಂಗ್‌ಆರ್ಮ್ ಎಂಬ ಸಂಸ್ಕಾರಕದ ಸುತ್ತ ಬೆಸುಗೆ ಹಾಕಿ ಕೂರಿಸುವಂತಹ ಚಿಪ್ಪುಗಳಿಗೆ "ನೀನು ಯಾರು?" ಎಂಬ ಪ್ರಶ್ನೆಗೆ ಉತ್ತರಿಸುವ ಸಾಮರ್ಥ್ಯ ಸಾಮಾನ್ಯವಾಗಿ ಇರುವುದಿಲ್ಲ. ಯಾವ ವಿಳಾಸದಲ್ಲಿ ಯಾವುದಿದೆಯೆಂದು ಮೊದಲೇ ಹೇಳಿಕೊಡಬೇಕು. ಆಗಿನ ಕಾಲದಲ್ಲಿ ಈ ಬಗೆಯ ಪ್ರತಿಯೊಂದು ಹಲಗೆಯ ವಿವರವನ್ನೂ ಕರ್ನೆಲ್ಲಿನ ಒಳಗೇ ಕೈಯಿಂದ ಬರೆದು ಸೇರಿಸುತ್ತಿದ್ದರು. ಹಲಗೆಗಳು ನೂರಾರಾದಾಗ ಇದು ದೊಡ್ಡ ಹೊರೆಯಾಯಿತು. 2011ರಿಂದೀಚೆಗೆ ಆರ್ಮ್ ಜಾತಿಯ ಯಂತ್ರಗಳಲ್ಲಿ ಉಪಕರಣಗಳ ವೃಕ್ಷ ಎಂಬ ಪ್ರತ್ಯೇಕ ಪಟ್ಟಿಯನ್ನು ಹೊರೆಗಾರನ ಕೈಯಲ್ಲಿ ಕೊಟ್ಟು ಕಳುಹಿಸುವ ಪದ್ಧತಿ ಬಳಕೆಗೆ ಬಂದಿತು. ಕೇಳಿದರೆ ಹೇಳುವವರನ್ನು ಕೇಳಬೇಕು. ಹೇಳಲಾರದವರ ವಿವರವನ್ನು ಬರೆದು ತರಬೇಕು. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಹೆಸರು ಬೇರೆ, ಗುರುತು ಬೇರೆ

ಇನ್ನು ಡಿಸ್ಕುಗಳ ಹೆಸರಿನ ಮಾತು. ಕರ್ನೆಲ್ ಒಂದು ಡಿಸ್ಕಿನ ಉತ್ತರಕ್ಕಾಗಿ ಕಾದು ಕುಳಿತು, ಅನಂತರ ಮತ್ತೊಂದನ್ನು ಕೇಳುವುದಿಲ್ಲ. ಹಾಗೆ ಮಾಡಿದರೆ ವೇಳೆ ವ್ಯರ್ಥವಾಗುತ್ತದೆ. ಆದುದರಿಂದ ಹಲವನ್ನು ಏಕಕಾಲದಲ್ಲಿ ಕೇಳುತ್ತದೆ. ತಿರುಗುವ ಡಿಸ್ಕು ತನ್ನ ವೇಗವನ್ನು ಮುಟ್ಟಲು ಕೆಲವು ಸೆಕೆಂಡುಗಳು ಬೇಕು. ಈ ಅವಧಿ ಎಲ್ಲ ಡಿಸ್ಕುಗಳಿಗೂ ಒಂದೇ ಅಲ್ಲ, ಒಂದೇ ಡಿಸ್ಕಿಗೂ ಎಲ್ಲ ದಿನ ಒಂದೇ ಅಲ್ಲ. ಮೊದಲು ಗುರುತಿಗೆ ಬಂದುದಕ್ಕೆ ಎಸ್‌ಡಿಎ, ಅನಂತರದ್ದಕ್ಕೆ ಎಸ್‌ಡಿಬಿ, ಮತ್ತಿನದಕ್ಕೆ ಎಸ್‌ಡಿಸಿ ಎಂದು ಹೆಸರುಗಳು ಹಂಚಿಹೋಗುತ್ತವೆ. ಕರ್ನೆಲ್ಲಿನ ಒಳಗಿನ ಲೆಕ್ಕದಲ್ಲಿ ಇವು 8 ಎಂಬ ವರ್ಗಸಂಖ್ಯೆಯ ಕೆಳಗೆ 0, 16, 32 ಎಂಬ ಕ್ರಮಸಂಖ್ಯೆಗಳು. ಈ ಸಂಖ್ಯೆಗಳೂ ಬಂದ ಸರದಿಯನ್ನಷ್ಟೇ ಹೇಳುತ್ತವೆ.

ಹುಮನಾಬಾದಿನಲ್ಲಿ ಜನವರಿಯಲ್ಲಿ ನಡೆಯುವ ವೀರಭದ್ರೇಶ್ವರ ಜಾತ್ರೆಯ ಅಂಗಡಿಸಾಲನ್ನು ನೆನೆದುಕೊಳ್ಳಿ. ಬಂದ ಸರದಿಯಂತೆ ಅಂಗಡಿಗಳಿಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಕೊಟ್ಟರೆಂದು ಭಾವಿಸೋಣ. ಹೋದ ವರ್ಷ ಮೂರನೆಯ ಅಂಗಡಿಯಲ್ಲಿ ಬಳೆ ಕೊಂಡವರು ಈ ವರ್ಷವೂ ಮೂರನೆಯ ಅಂಗಡಿಗೇ ಹೋದರೆ ಅಲ್ಲಿ ಮಿಠಾಯಿಯವನು ಕುಳಿತಿರಬಹುದು. ಅದು ಅಂಗಡಿಯವನ ತಪ್ಪಲ್ಲ. ಸರದಿಯ ಸಂಖ್ಯೆಯನ್ನೇ ಮನುಷ್ಯನ ಗುರುತೆಂದು ಎಣಿಸಿದ ಕೊಂಡವರ ತಪ್ಪು. ನನ್ನ ಚೀಟಿಯ ತಪ್ಪೂ ಇದೇ ಆಗಿತ್ತು.

ಶಾಶ್ವತವಾದ ಗುರುತುಗಳು ಎರಡು ಬಗೆಯವು. ಒಂದು, ಡಿಸ್ಕನ್ನು ಮಾಡಿದವರು ಅದರಲ್ಲಿ ಕೆತ್ತಿಟ್ಟ ತಯಾರಿಕೆಯ ಸಂಖ್ಯೆ. ಇನ್ನೊಂದು, ಡಿಸ್ಕಿನ ಮೇಲೆ ಕಡತವ್ಯವಸ್ಥೆಯನ್ನು ಸಿದ್ಧಪಡಿಸುವಾಗ ಅದಕ್ಕೆ ಕೊಡುವ ಯುಯುಐಡಿ ಎಂಬ 128 ದ್ವಿಮಾನ ಅಂಕಗಳ ಸಂಖ್ಯೆ. ಇಷ್ಟು ಅಂಕಗಳಿಂದ ಮಾಡಬಹುದಾದ ಸಂಖ್ಯೆಗಳೆಷ್ಟೆಂದರೆ, 340ರ ಮುಂದೆ 36 ಸೊನ್ನೆಗಳನ್ನಿಟ್ಟಷ್ಟು. ಆದುದರಿಂದ ಅದೃಷ್ಟದ ಆಟದಂತೆ ಒಂದನ್ನು ಆರಿಸಿಕೊಂಡರೂ ಎರಡು ಡಿಸ್ಕುಗಳಿಗೆ ಒಂದೇ ಸಂಖ್ಯೆ ಬೀಳುವ ಭಯವಿಲ್ಲ. ಆದರೆ ಒಂದು ಎಚ್ಚರಿಕೆ. ಇಡೀ ಡಿಸ್ಕನ್ನು ಅಕ್ಷರಶಃ ಮತ್ತೊಂದಕ್ಕೆ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಆಗ ಅವುಗಳನ್ನು ಬೇರ್ಪಡಿಸಿ ಹೇಳುವುದು ತಯಾರಿಕೆಯ ಸಂಖ್ಯೆಯೊಂದೇ.

ಲಿನಕ್ಸಿನಲ್ಲಿ ಉಪಕರಣಗಳೆಲ್ಲ ಡೆವ್ ಎಂಬ ಕೋಶದಲ್ಲಿ ಕಡತಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಈ ವ್ಯವಸ್ಥೆಯನ್ನು ಆರಂಭಿಸಿದ ಕಾಲದಲ್ಲಿ, ಇರಬಹುದಾದ ಎಲ್ಲ ಉಪಕರಣಗಳ ಹೆಸರುಗಳನ್ನೂ, ಅವು ಇರಲಿ ಇಲ್ಲದಿರಲಿ, ಮೊದಲೇ ಬರೆದಿಡುತ್ತಿದ್ದರು. 2001ರಲ್ಲಿ ಬಂದ 2.4ನೆಯ ಕರ್ನೆಲ್ಲಿನಲ್ಲಿ ಡೆವ್‌ಎಫ್‌ಎಸ್ ಎಂಬ ಏರ್ಪಾಡಿನಿಂದ ಕರ್ನೆಲ್ಲೇ ಇರುವ ಉಪಕರಣಗಳಿಗೆ ಹೆಸರಿಡತೊಡಗಿತು. 2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಅವರು ಯುಡೆವ್ ಎಂಬುದನ್ನು ಹೊರತಂದರು. ಹೆಸರಿಡುವ ನೀತಿಯು ಕರ್ನೆಲ್ಲಿನ ಹೊರಗೆ, ಜನರು ತಿದ್ದಬಹುದಾದ ನಿಯಮಗಳಲ್ಲಿ ಇರಬೇಕೆಂಬುದು ಅದರ ತತ್ತ್ವ. 2006ರಲ್ಲಿ ಡೆವ್‌ಎಫ್‌ಎಸ್ಸನ್ನು ತೆಗೆದುಹಾಕಿದರು. 2009ರ ಕೊನೆಗೆ ಡೆವ್‌ಟಿಎಂಪಿಎಫ್‌ಎಸ್ ಬಂದಿತು: ಕರ್ನೆಲ್ಲು ತಾತ್ಕಾಲಿಕವಾದ ಹೆಸರನ್ನು ಕೂಡಲೇ ಇಡುತ್ತದೆ, ಯುಡೆವ್ ಅದಕ್ಕೆ ಶಾಶ್ವತವಾದ ಗುರುತಿನ ಇನ್ನೊಂದು ಹೆಸರನ್ನು ಕಟ್ಟುತ್ತದೆ. ಇಂದಿಗೂ ನಡೆಯುತ್ತಿರುವುದು ಈ ಏರ್ಪಾಡೇ.

ತಾತ್ಕಾಲಿಕ ಬಿಡಾರ

ಈಗ ಹೊರೆಗಾರನು ತಂದ ಎರಡನೆಯ ಗಂಟಿನ ವಿಚಾರಕ್ಕೆ ಬರೋಣ. ಡಿಸ್ಕನ್ನು ಓದಲು ಅದಕ್ಕೆ ತಕ್ಕ ಡ್ರೈವರ್ ಬೇಕು. ಡ್ರೈವರುಗಳಾದರೋ ಆ ಡಿಸ್ಕಿನಲ್ಲಿಯೇ ಇವೆ. ಪೆಟ್ಟಿಗೆಯ ಕೀಲಿಕೈ ಪೆಟ್ಟಿಗೆಯೊಳಗೇ ಉಳಿದಂತಾಯಿತು. ಇದಕ್ಕೆ ಉಪಾಯವೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಈ ಚಿಕ್ಕ ಕಟ್ಟು. ಅವಶ್ಯವಾದ ಡ್ರೈವರುಗಳನ್ನೂ ಕೆಲವು ಸಣ್ಣ ಕಾರ್ಯಕ್ರಮಗಳನ್ನೂ ಅದರಲ್ಲಿ ಕಟ್ಟಿಟ್ಟಿರುತ್ತಾರೆ. ಕರ್ನೆಲ್ ಅದನ್ನು ಮೆಮೊರಿಯಲ್ಲಿ ಬಿಚ್ಚಿ, ಅಲ್ಲಿಯೇ ಒಂದು ತಾತ್ಕಾಲಿಕ ಬಿಡಾರವನ್ನು ಹೂಡುತ್ತದೆ. ನಿಜವಾದ ಡಿಸ್ಕು ದೊರೆಯುವವರೆಗೆ ವಾಸ ಇಲ್ಲಿಯೇ.

ಈ ಬಿಡಾರದಲ್ಲಿ ಯುಡೆವ್ ಎದ್ದು ಕುಳಿತುಕೊಳ್ಳುತ್ತದೆ. ಕರ್ನೆಲ್ ಹೊಸ ಉಪಕರಣವನ್ನು ಕಂಡಾಗಲೆಲ್ಲ ಡಂಗುರ ಸಾರುತ್ತದೆ. ಯುಡೆವ್ ಅದನ್ನು ಕೇಳಿ ತಕ್ಕ ಡ್ರೈವರನ್ನು ಕರೆಸುತ್ತದೆ, ಹೆಸರು ಕಟ್ಟುತ್ತದೆ, ತನ್ನ ಕಡತದಲ್ಲಿ ವಿವರವನ್ನು ಬರೆದುಕೊಳ್ಳುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಯುಡೆವ್ ಏಳುವುದಕ್ಕೆ ಮೊದಲೇ ಕರ್ನೆಲ್ ಎಷ್ಟೋ ಉಪಕರಣಗಳನ್ನು ಕಂಡು ಡಂಗುರ ಸಾರಿ ಮುಗಿಸಿರುತ್ತದೆ. ಊರು ಏಳುವ ಮೊದಲು ಸಾರಿದ ಡಂಗುರವನ್ನು ಕೇಳಿದವರಾರು?

ಪರಿಹಾರವು ಸರಳವಾದುದು. ಕರ್ನೆಲ್ ತಾನು ಕಂಡ ಉಪಕರಣಗಳ ಪಟ್ಟಿಯನ್ನು ಸಿಸ್ ಎಂಬ ಕೋಶದಲ್ಲಿ ಯಾವಾಗಲೂ ತೆರೆದಿಟ್ಟಿರುತ್ತದೆ. ಅಲ್ಲಿ ಪ್ರತಿಯೊಂದು ಉಪಕರಣದ ಮುಂದೆಯೂ ಒಂದು ಕಡತವುಂಟು; ಅದರಲ್ಲಿ 'ಸೇರಿಸು' ಎಂಬರ್ಥದ ಒಂದು ಪದವನ್ನು ಬರೆದರೆ ಕರ್ನೆಲ್ ಆ ಉಪಕರಣದ ಡಂಗುರವನ್ನು ಮತ್ತೊಮ್ಮೆ ಸಾರುತ್ತದೆ. ಯುಡೆವ್ ಎದ್ದ ಕೂಡಲೇ ಪಟ್ಟಿಯ ಉದ್ದಕ್ಕೂ ಹೀಗೆ ಬರೆಯಿಸುತ್ತಾರೆ. ತಪ್ಪಿಹೋದ ಮಾತುಗಳೆಲ್ಲ ಮರಳಿ ಕೇಳಿಬರುತ್ತವೆ. ಏನು ನಡೆಯಿತೆಂದು ಊಹಿಸುವುದಕ್ಕಿಂತ ಈಗ ಏನಿದೆಯೆಂದು ಮತ್ತೆ ಕೇಳುವುದೇ ಮೇಲೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ರಾಜಧಾನಿಯ ಬದಲಾವಣೆ

ಬೇಕಾದ ಯುಯುಐಡಿಯುಳ್ಳ ಡಿಸ್ಕು ದೊರೆತ ಮೇಲೆ ಬಿಡಾರವನ್ನು ಕಿತ್ತು ನಿಜವಾದ ಮನೆಗೆ ಹೋಗಬೇಕು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ನಮ್ಮ ಕಲ್ಯಾಣಕ್ಕೆ ಬದಲಾಯಿಸಿದನು. ಇಂತಹ ಬದಲಾವಣೆಯಲ್ಲಿ ಯಾವ ಓಲೆಗಳನ್ನು ಹೊತ್ತು ತರಬೇಕು, ಯಾವುದನ್ನು ಹೊಸ ಊರಿನಲ್ಲಿ ಹೊಸದಾಗಿ ಬರೆಸಬೇಕು ಎಂಬ ಪ್ರಶ್ನೆ ಎಲ್ಲ ಅರಸರಿಗೂ ಬಂದಿರಲೇಬೇಕು. ಗಣಕಕ್ಕೆ ಈ ಪ್ರಶ್ನೆ ಪ್ರತಿಸಲ ಎಚ್ಚೆತ್ತಾಗಲೂ ಬರುತ್ತದೆ.

ಡೆವ್, ಸಿಸ್, ಪ್ರೋಕ್, ರನ್ ಎಂಬ ನಾಲ್ಕು ಕೋಶಗಳನ್ನು ಇದ್ದಂತೆಯೇ ಎತ್ತಿ ಹೊಸ ಮನೆಗೆ ಸಾಗಿಸುತ್ತಾರೆ. ಬಿಡಾರದ ಉಳಿದ ಕಡತಗಳನ್ನು ಅಳಿಸಿ ಮೆಮೊರಿಯನ್ನು ತೆರವು ಮಾಡುತ್ತಾರೆ. ಯುಡೆವ್ ಬರೆದುಕೊಂಡ ವಿವರಗಳಿರುವುದು ರನ್ ಕೋಶದಲ್ಲಿ. ಆದುದರಿಂದ ಅವು ತಾವಾಗಿಯೇ ಜೊತೆಯಲ್ಲಿ ಬರುತ್ತವೆ. ಇದು ಅನುಕೂಲವೆಂದು ತೋರಬಹುದು. ಆದರೆ ಬಿಡಾರದಲ್ಲಿದ್ದ ನಿಯಮಗಳು ಕೆಲವೇ. ಹೊಸ ಮನೆಯ ನಿಯಮಗಳು ಪೂರ್ಣವಾದುವು. ಅರೆತಿಳಿವಿನಿಂದ ಬರೆದ ವಿವರವನ್ನು ಪೂರ್ಣ ವಿವರವೆಂದು ನಂಬಿದರೆ ಕೆಡುಕೇ ಹೆಚ್ಚು. ಆದಕಾರಣ ಹೊರಡುವ ಮೊದಲು ಆ ದಫ್ತರವನ್ನು ಅಳಿಸಿಬಿಡುತ್ತಾರೆ. ಹೊಸ ಮನೆಯಲ್ಲಿ ಹೊಸ ಯುಡೆವ್ ಎದ್ದು, ಡಂಗುರವನ್ನು ಮತ್ತೆ ಸಾರಿಸಿ, ಎಲ್ಲವನ್ನೂ ಹೊಸದಾಗಿ ಬರೆದುಕೊಳ್ಳುತ್ತದೆ.

ಎಲ್ಲವನ್ನೂ ಅಳಿಸುತ್ತಾರೆಯೇ? ಇಲ್ಲ, ಈ ಲೇಖನದ ಮುಖ್ಯವಾದ ಮಾತು ಇಲ್ಲಿಯೇ ಇದೆ. ಕೆಲವು ಡಿಸ್ಕುಗಳು ಕಣ್ಣಿಗೆ ಕಾಣುವ ವಸ್ತುಗಳಲ್ಲ. ಹಲವು ಡಿಸ್ಕುಗಳ ಭಾಗಗಳನ್ನು ಕೂಡಿಸಿ ಕರ್ನೆಲ್ಲೇ ಕಟ್ಟಿದ ಕಲ್ಪಿತ ಡಿಸ್ಕುಗಳುಂಟು. ಗುಪ್ತಲಿಪಿಯಿಂದ ಮುಚ್ಚಿದ ಡಿಸ್ಕನ್ನು ತೆರೆದಾಗ ದೊರೆಯುವುದೂ ಇಂತಹದೇ. ಕಟ್ಟುವ ಕೆಲಸ ಮುಗಿದು ಅದು ಬಳಕೆಗೆ ಸಿದ್ಧವಾಯಿತೆಂಬ ಸುದ್ದಿಯು ಆ ಗಳಿಗೆಯ ಸಾರಣೆಯಲ್ಲಿ ಮಾತ್ರ ಇರುತ್ತದೆ. ಬಳಿಕ ಡಂಗುರವನ್ನು ಎಷ್ಟು ಸಲ ಮರಳಿ ಸಾರಿಸಿದರೂ 'ಇಂತಹದೊಂದು ಇದೆ' ಎಂಬುದಷ್ಟೇ ಕೇಳುತ್ತದೆ. 'ಸಿದ್ಧವಾಗಿದೆ' ಎಂಬುದು ಕೇಳಿಸದು. ಆ ವಿವರವನ್ನೂ ಅಳಿಸಿದರೆ, ವ್ಯವಸ್ಥೆಯು ಕಣ್ಣೆದುರಿನಲ್ಲಿಯೇ ಇರುವ ಡಿಸ್ಕಿಗಾಗಿ 90 ಸೆಕೆಂಡು ಕಾದು ನಿರಾಶೆಗೊಳ್ಳುವುದು. ಆದುದರಿಂದ ಇಂತಹವುಗಳ ವಿವರಕ್ಕೆ 'ಅಳಿಸಬೇಡ' ಎಂಬ ಮುದ್ರೆಯನ್ನು ಮೊದಲೇ ಒತ್ತಿರುತ್ತಾರೆ. ದಫ್ತರವನ್ನು ಅಳಿಸುವವನು ಆ ಮುದ್ರೆಯುಳ್ಳ ಹಾಳೆಗಳನ್ನು ಮುಟ್ಟುವುದಿಲ್ಲ.

ಹೀಗೆ ಮತ್ತೆ ಕೇಳಿ ತಿಳಿಯಬಹುದಾದುದನ್ನು ನೆನಪಿನಲ್ಲಿಟ್ಟುಕೊಳ್ಳುವುದೇ ಅಪಾಯ. ಮತ್ತೆ ಕೇಳಲಾಗದುದನ್ನು ಮರೆಯುವುದೇ ಅಪಾಯ. ಇವೆರಡನ್ನೂ ಬೇರ್ಪಡಿಸುವುದರಲ್ಲಿ ಜಾಣತನವಿದೆ. ಪರದೆಯ ಬೆಳಕು ಎಷ್ಟಿರಬೇಕೆಂಬ ನಮ್ಮ ಇಷ್ಟವನ್ನು ಯಾವ ಉಪಕರಣವೂ ಹೇಳಲಾರದು. ಆದಕಾರಣ ಯಂತ್ರವು ಮಲಗುವ ಮುನ್ನ ಅದನ್ನು ಡಿಸ್ಕಿನಲ್ಲಿ ಬರೆದಿಟ್ಟು, ಎದ್ದ ಮೇಲೆ ಓದಿ ಹಾಗೆಯೇ ಹೊಂದಿಸುತ್ತದೆ. ಆದರೆ ಡಿಸ್ಕಿನ ಹೆಸರನ್ನು ಬರೆದಿಡುವುದಿಲ್ಲ. ಅದನ್ನು ಪ್ರತಿದಿನವೂ ಹೊಸದಾಗಿ ಕೇಳುತ್ತದೆ.

ನಮ್ಮ ಡಿಸ್ಕಿನ ಕಥೆ

ನಾನು ಮಾಡಿದ್ದು ಇದಕ್ಕೆ ಸರಿಯಾಗಿ ವಿರುದ್ಧ. ಪ್ರತಿದಿನ ಕೇಳಬೇಕಾಗಿದ್ದ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟು ನಂಬಿದೆನು. ವ್ಯವಸ್ಥೆಯ ಪಟ್ಟಿಯಲ್ಲಿಯೂ ಹಿಂದೆ ನಾನೇ ಎಸ್‌ಡಿಬಿ ಎಂದು ಬರೆದಿದ್ದೆನು. ಆ ಬೆಳಗ್ಗೆ ಹೊಸ ಡಿಸ್ಕು ಮೊದಲು ಉತ್ತರಿಸಿ ಆ ಹೆಸರನ್ನು ಪಡೆದುದರಿಂದ, ಅದರಲ್ಲಿ ಇಲ್ಲದ ಭಾಗಕ್ಕಾಗಿ ಯಂತ್ರವು ಕಾದು ಸೋತಿತು. ಯಾವ ಡಿಸ್ಕೂ ಕೆಟ್ಟಿರಲಿಲ್ಲ. ಕೊನೆಯ ಕೀಲಿಯನ್ನು ಒತ್ತಿದ್ದರೆ ಹೋಗುತ್ತಿದ್ದುದು ಎರಡು ವರ್ಷಗಳ ಬಿಸಿಲು, ಮಳೆ, ಚಳಿಗಳ ಲೆಕ್ಕ. ಡಿಸ್ಕನ್ನು ಮತ್ತೆ ಕೊಳ್ಳಬಹುದು; ಯಾವ ಉಪಕರಣವನ್ನು ಎಷ್ಟು ಸಲ ಕೇಳಿದರೂ ಹೋದ ವರ್ಷದ ಒಂದು ಮಧ್ಯಾಹ್ನ ಹುಮನಾಬಾದಿನ ಮಾಳಿಗೆಯ ಮೇಲೆ ಎಷ್ಟು ಶಾಖವಿತ್ತೆಂದು ಅದು ಹೇಳಲಾರದು.

ಅಂದೇ ಪಟ್ಟಿಯಲ್ಲಿ ಎಸ್‌ಡಿಬಿ ಎಂಬುದನ್ನು ಹೊಡೆದು ಯುಯುಐಡಿಯನ್ನು ಬರೆದೆವು. ಪ್ರತಿಯೊಂದು ಡಿಸ್ಕಿನ ಮೈಮೇಲೆ ಅದರ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಗಳನ್ನು ದಪ್ಪಕ್ಷರದಲ್ಲಿ ಬರೆದು ಅಂಟಿಸಿದೆವು. ದಾಖಲೆಗಳ ಪ್ರತಿಯೊಂದನ್ನು ಹೊಸ ಡಿಸ್ಕಿಗೂ, ಮತ್ತೊಂದನ್ನು ಬೇರೆ ಕಟ್ಟಡದಲ್ಲಿರುವ ಯಂತ್ರಕ್ಕೂ ಕಳುಹಿಸಿದೆವು.

ಲಿನಕ್ಸ್ ನಡೆಯುವ ಗಣಕವನ್ನು ಬಳಸುವ ವಾಚಕರು ಇದನ್ನೆಲ್ಲ ತಾವೇ ನೋಡಬಹುದು. ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರಗಳ ಆಜ್ಞೆಯನ್ನು ಕೊಟ್ಟರೆ ಕರ್ನೆಲ್ ಎಚ್ಚೆತ್ತಂದಿನಿಂದ ಆಡಿದ ಮಾತುಗಳು ಸಾಲಾಗಿ ಕಾಣುತ್ತವೆ. ಎಡಗಡೆಯಲ್ಲಿ ಸೆಕೆಂಡುಗಳ ಲೆಕ್ಕವೂ ಇರುತ್ತದೆ. ಕೆಲವು ವ್ಯವಸ್ಥೆಗಳಲ್ಲಿ ಇದಕ್ಕೆ ಆಡಳಿತಗಾರನ ಅನುಮತಿ ಬೇಕಾಗಬಹುದು. ಒಂದಕ್ಕಿಂತ ಹೆಚ್ಚು ಡಿಸ್ಕುಗಳಿರುವವರು ನಾಲ್ಕಾರು ದಿನ ಅವು ಉತ್ತರ ಕೊಟ್ಟ ಸರದಿಯನ್ನು ಗುರುತು ಹಾಕಿಕೊಂಡು ನೋಡಲಿ. ಅನೇಕ ದಿನ ಸರದಿಯು ಒಂದೇ ಆಗಿರುವುದು. ಮೋಸ ಹೋಗುವುದು ಆ ಅಭ್ಯಾಸದಿಂದಲೇ.

ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಒಂದು ಹಲಗೆಯಲ್ಲಿ ಬರೆಸಿದ್ದೇವೆ: 'ಇವತ್ತು ಕೇಳಿ ನೋಡಿದಿರಾ?' ತಕ್ಕಡಿಗೂ ತಾಪಮಾಪಕಕ್ಕೂ ಗಣಕಕ್ಕೂ ಆ ಪ್ರಶ್ನೆ ಸಮನಾಗಿ ಸಲ್ಲುತ್ತದೆ.